ಮಧ್ಯಾಹ್ನ ಎರಡಕ್ಕೆ ಬಾಗಿಲು ಹಾಕುವ ನದಿಗಳು

ಅಮೆರಿಕದ ಮೊಂಟಾನಾ ರಾಜ್ಯದ ಬೆಟ್ಟದ ನದಿಗಳಿಗೆ ಬೇಸಿಗೆಯಲ್ಲಿ ಒಂದು ವಿಚಿತ್ರ ನಿಯಮ ಜಾರಿಗೆ ಬರುತ್ತದೆ. ಮಧ್ಯಾಹ್ನ 2 ಗಂಟೆಯಿಂದ ಮಧ್ಯರಾತ್ರಿ 12ರವರೆಗೆ ಯಾರೂ ಗಾಳ ಹಾಕುವಂತಿಲ್ಲ. ಬೆಳಿಗ್ಗೆ ಬೇಕಾದರೆ ಹಾಕಿ, ಮಧ್ಯಾಹ್ನದ ಮೇಲೆ ನದಿ ಬಂದ್. ಕಾರಣ, ನೀರು ಬಿಸಿಯಾಗಿದೆ.

ಎಷ್ಟು ಬಿಸಿ ಎಂದು ಕೇಳಿದರೆ ನಮ್ಮ ಕಡೆಯವರಿಗೆ ನಗು ಬರಬಹುದು. ಸುಮಾರು 23 ಡಿಗ್ರಿ ಸೆಲ್ಸಿಯಸ್. ದಿನದ ಯಾವುದೋ ಒಂದು ಹೊತ್ತಿನಲ್ಲಿ ನೀರು ಅಷ್ಟು ಕಾದು, ಹಾಗೆಯೇ ಸತತ ಮೂರು ದಿನ ನಡೆದರೆ ಅಧಿಕಾರಿಗಳು ಆ ಭಾಗದ ನದಿಗೆ ಈ ನಿರ್ಬಂಧ ಹಾಕಬಹುದು. ನಮ್ಮ ಕೆರೆಯ ಕಾಟ್ಲಾ, ರೋಹುಗಳಿಗೆ 23 ಡಿಗ್ರಿ ಎಂದರೆ ಚಳಿಗಾಲ, ಮೇವು ತಿನ್ನುವುದನ್ನೇ ಕಡಿಮೆ ಮಾಡುವ ಕಾಲ. ಆದರೆ ಅಲ್ಲಿನ ಮೀನು ಬೇರೆ. ಅದು ಹಿಮ ಕರಗಿದ ನೀರಿನಲ್ಲಿ ಬದುಕುವ ಟ್ರೌಟ್.

ಈ ಮೀನು, ಆ ನದಿಗಳು ಮತ್ತು ಆ ನೀರನ್ನು ಹಂಚಿಕೊಂಡ ರೈತರ ಕಥೆಯನ್ನು ನಾವು ಇಲ್ಲಿ ಬರೆಯುತ್ತಿದ್ದೇವೆ. ಬೇಸಿಗೆಯಲ್ಲಿ ನದಿಯ ನೀರು ಯಾರದ್ದು ಎಂಬ ಜಗಳ ಅಲ್ಲಿಯೂ ಇದೆ. ಅದನ್ನು ಅವರು ಹೇಗೆ ನಿಭಾಯಿಸಿದರು, ಎಲ್ಲಿ ಸೋತರು ಎಂಬುದು ನೀರಿನ ಸುದ್ದಿ ಬರೆಯುವ ನಮಗೂ, ಓದುವ ನಿಮಗೂ ತಿಳಿದಿರಬೇಕು ಅನ್ನಿಸಿತು.

ಮೊದಲು ಅಲ್ಲಿನ ಬೇಸಿಗೆಯ ಲೆಕ್ಕ. ಚಳಿಗಾಲವೆಲ್ಲ ರಾಕಿ ಪರ್ವತಗಳ ಮೇಲೆ ಬಿದ್ದ ಹಿಮ ಗಟ್ಟಿಯಾಗಿ ಕೂತಿರುತ್ತದೆ. ಅವರಿಗೆ ಅದೇ ಜಲಾಶಯ. ಮೇ, ಜೂನ್ ತಿಂಗಳಲ್ಲಿ ಅದು ಕರಗಿ ನದಿಗಳು ಕೆಂಪಗೆ, ರಭಸವಾಗಿ ತುಂಬಿ ಹರಿಯುತ್ತವೆ. ಆಗ ಗಾಳ ಹಾಕಿ ಪ್ರಯೋಜನವಿಲ್ಲ. ಜೂನ್ ಕೊನೆ, ಜುಲೈ ಮೊದಲ ವಾರದ ಹೊತ್ತಿಗೆ ನೀರು ಇಳಿದು ತಿಳಿಯಾಗುತ್ತದೆ. ಅದೇ ಸಮಯಕ್ಕೆ ನೀರಿನ ಕಲ್ಲುಗಳ ಅಡಿಯಲ್ಲಿ ವರ್ಷಗಟ್ಟಲೆ ಮರಿಯಾಗಿ ಬೆಳೆದ ಹುಳಗಳು ದಡಕ್ಕೆ ಹತ್ತಿ, ಪೊರೆ ಬಿಟ್ಟು, ರೆಕ್ಕೆ ಬಿಚ್ಚಿ ಹಾರುತ್ತವೆ. ಬೆರಳುದ್ದದ, ಕಿತ್ತಳೆ ಹೊಟ್ಟೆಯ ಒಂದು ಹುಳಕ್ಕೆ ಅವರು ಸಾಲ್ಮನ್ ಫ್ಲೈ ಎನ್ನುತ್ತಾರೆ. ಮೊದಲ ಮಳೆಯ ಮರುದಿನ ನಮ್ಮ ದೀಪದ ಸುತ್ತ ಮಳೆಹುಳ ಮುತ್ತುವಂತೆ ಅವು ನದಿ ದಡದ ಗಿಡಗಳಿಗೆಲ್ಲ ಮುತ್ತಿಕೊಳ್ಳುತ್ತವೆ. ನೀರಿಗೆ ಬಿದ್ದವನ್ನು ಟ್ರೌಟ್ ಮೇಲೆ ಬಂದು ನುಂಗುತ್ತದೆ.

ಫ್ಲೈ ಫಿಶಿಂಗ್ ಎಂದರೆ ಇಷ್ಟೇ. ಎರೆಹುಳು ಸಿಕ್ಕಿಸುವ ಬದಲು ಸಣ್ಣ ಗಾಳದ ಮುಳ್ಳಿಗೆ ಹಕ್ಕಿಯ ಪುಕ್ಕ, ಪ್ರಾಣಿಯ ಕೂದಲು, ದಾರ ಸುತ್ತಿ ಥೇಟ್ ಆ ಹುಳದಂತೆ ಮಾಡುತ್ತಾರೆ. ಅದು ಎಷ್ಟು ಹಗುರ ಎಂದರೆ ಎಸೆದರೆ ಹೋಗುವುದಿಲ್ಲ. ಹಾಗಾಗಿ ತೂಕವಿರುವ ದಪ್ಪ ದಾರವನ್ನು ಉದ್ದನೆಯ ಕೋಲಿನಿಂದ ಚಾಟಿಯಂತೆ ಹಿಂದೆ ಮುಂದೆ ಬೀಸಿ, ಹುಳ ತಾನಾಗಿ ಬಿದ್ದಂತೆ ನೀರಿನ ಮೇಲೆ ಇಳಿಸುತ್ತಾರೆ. ಜುಲೈ ಕಳೆದು ಆಗಸ್ಟ್ ಬಂದರೆ ಹುಲ್ಲುಗಾವಲಿನ ಮಿಡತೆಗಳು ಗಾಳಿಗೆ ನೀರಿಗೆ ಬೀಳುತ್ತವೆ. ಆಗ ಮಿಡತೆಯಂತೆ ಕಟ್ಟಿದ ಗಾಳ. ಬೇಟೆಗಿಂತ ಆಟವೇ ಹೆಚ್ಚು. ಹಿಡಿದ ಮೀನನ್ನು ಬಹುಪಾಲು ಜನ ಮತ್ತೆ ನೀರಿಗೆ ಬಿಡುತ್ತಾರೆ.

ಆಗಸ್ಟಿನ ಕಷ್ಟ ಇರುವುದೂ ಇಲ್ಲೇ. ಹಿಮ ಮುಗಿದಿರುತ್ತದೆ, ನೀರು ತಗ್ಗಿರುತ್ತದೆ, ಬಿಸಿಲು ಏರಿರುತ್ತದೆ. ತಣ್ಣನೆಯ ನೀರಿನಲ್ಲಿ ಪ್ರಾಣವಾಯು ಹೆಚ್ಚು ಕರಗುತ್ತದೆ, ಬಿಸಿ ನೀರಿನಲ್ಲಿ ಕಡಿಮೆ. 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಪ್ರಾಣವಾಯು ಹಿಡಿದಿಟ್ಟುಕೊಂಡರೆ 25 ಡಿಗ್ರಿಯ ನೀರು 8 ಚಿಲ್ಲರೆ ಮಾತ್ರ. ನೀರು ಬಿಸಿಯಾದಷ್ಟೂ ಮೀನಿನ ಮೈ ಹೆಚ್ಚು ಉಸಿರು ಬೇಡುತ್ತದೆ. ಬೇಡಿಕೆ ಏರಿ, ಪೂರೈಕೆ ಇಳಿದ ಆ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕಿ ಐದು ನಿಮಿಷ ಒದ್ದಾಡಿದ ಟ್ರೌಟನ್ನು ನೀವು ಎಷ್ಟೇ ಮೆತ್ತಗೆ ಬಿಟ್ಟರೂ ಅದು ಸ್ವಲ್ಪ ದೂರ ಈಜಿ ಹೋಗಿ ಸಾಯಬಹುದು. ಬಿಟ್ಟವನಿಗೆ ಅದು ಕಾಣುವುದೇ ಇಲ್ಲ.

ಈ ತಿಳಿವಳಿಕೆ ಅಲ್ಲಿನವರಿಗೆ ಒಂದೇ ದಿನ ಬಂದದ್ದಲ್ಲ.

1805ರ ಜೂನ್ 13ರಂದು ಲೂಯಿಸ್ ಮತ್ತು ಕ್ಲಾರ್ಕ್ ನೇತೃತ್ವದ ಅನ್ವೇಷಣಾ ತಂಡ ಮಿಸೌರಿ ನದಿಯ ಗ್ರೇಟ್ ಫಾಲ್ಸ್ ಜಲಪಾತ ತಲುಪಿತು. ತಂಡದ ಸಿಲಾಸ್ ಗುಡ್ರಿಚ್ ಎಂಬಾತ ಅಲ್ಲಿ ಗಾಳ ಹಾಕಿ ಟ್ರೌಟ್ ಹಿಡಿದ. ದವಡೆಯ ಕೆಳಗೆ ಎರಡೂ ಕಡೆ ಕತ್ತು ಕೊಯ್ದಂತೆ ಕೆಂಪು ಗೆರೆ ಇರುವ ಆ ಮೀನಿಗೆ ಮುಂದೆ ಕಟ್‌ಥ್ರೋಟ್ ಎಂದೇ ಹೆಸರಾಯಿತು. ಅದು ಆ ನೆಲದ ಮೂಲನಿವಾಸಿ ಮೀನು. ಆ ನದಿಗಳ ದಡದಲ್ಲಿ ಬ್ಲ್ಯಾಕ್‌ಫೀಟ್, ಸೇಲಿಶ್, ಕ್ರೋ, ಶೊಶೋನಿ ಜನ ಅದಕ್ಕೂ ಎಷ್ಟೋ ಕಾಲದ ಹಿಂದಿನಿಂದ ಬದುಕಿದ್ದರು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಮೀನು 'ಕಂಡುಹಿಡಿದ' ಕಥೆ ಹೇಳುವಾಗ ಅದನ್ನು ಮೊದಲೇ ಕಂಡಿದ್ದವರು ಬಿಟ್ಟುಹೋಗುವುದು ಎಲ್ಲ ಕಡೆಯೂ ಇದ್ದದ್ದೇ.

ಆಮೇಲೆ ಚಿನ್ನದ ಗಣಿ, ತಾಮ್ರದ ಗಣಿ, ರೈಲು, ದನದ ಹಿಂಡುಗಳು ಬಂದವು. ಮೀನು ಕಡಿಮೆಯಾಯಿತು. ಕಡಿಮೆಯಾದರೆ ತಂದು ಬಿಡೋಣ ಎನ್ನುವುದು ಆ ಕಾಲದ ಉತ್ತರ. 1883ರಲ್ಲಿ ಜರ್ಮನಿಯಿಂದ ಬ್ರೌನ್ ಟ್ರೌಟ್ ಮೊಟ್ಟೆಗಳು ಅಮೆರಿಕಕ್ಕೆ ಬಂದವು. ಪೆಸಿಫಿಕ್ ಕರಾವಳಿಯ ನದಿಗಳ ರೇನ್‌ಬೋ ಟ್ರೌಟನ್ನು ದೇಶದ ತುಂಬ ಹಂಚಿದರು. ಮೀನುಮರಿ ತುಂಬಿದ ಡಬ್ಬಗಳು ರೈಲಿನಲ್ಲಿ ಊರೂರಿಗೆ ಹೋದವು. (ಬ್ರೌನ್ ಟ್ರೌಟ್ ನಮ್ಮ ದೇಶಕ್ಕೂ ಬಂದಿದೆ. ಬ್ರಿಟಿಷರು 1900ರ ಸುಮಾರಿಗೆ ಸ್ಕಾಟ್ಲೆಂಡಿನಿಂದ ಮೊಟ್ಟೆ ತರಿಸಿ ಕಾಶ್ಮೀರದ ತೊರೆಗಳಲ್ಲಿ ಬೆಳೆಸಿದರು.)

20ನೇ ಶತಮಾನದ ನಡುವಿನ ಹೊತ್ತಿಗೆ ಮೊಂಟಾನಾದಲ್ಲಿ ಇದೊಂದು ವಾರ್ಷಿಕ ಜಾತ್ರೆಯಂತಾಗಿತ್ತು. ಇಲಾಖೆಯ ತೊಟ್ಟಿಗಳಲ್ಲಿ ಮೇವು ಹಾಕಿ ಬೆಳೆಸಿದ, ಹಿಡಿಯಲು ತಯಾರಾದ ಗಾತ್ರದ ರೇನ್‌ಬೋಗಳನ್ನು ಲಾರಿಯಲ್ಲಿ ತಂದು ಸೇತುವೆ ಬಳಿ ಸುರಿಯುತ್ತಿದ್ದರು. ಪ್ರವಾಸಿಗರು ಹಿಡಿಯುತ್ತಿದ್ದರು. ಎಲ್ಲರಿಗೂ ಖುಷಿ. ನಮ್ಮಲ್ಲೂ ಕೆರೆಗೆ ಮೀನುಮರಿ ಬಿಡುವ ಕಾರ್ಯಕ್ರಮದ ಫೋಟೊ, ಸುದ್ದಿ ಪ್ರತಿವರ್ಷ ನಮ್ಮ ಕೈದಾಟಿಯೇ ಹೋಗುತ್ತದೆ. ಎಷ್ಟು ಲಕ್ಷ ಮರಿ ಬಿಟ್ಟರು ಎಂದು ಬರೆಯುತ್ತೇವೆ, ಎಷ್ಟು ಉಳಿದವು ಎಂದು ಕೇಳುವುದು ಅಪರೂಪ. ಬೇಸಿಗೆಯಲ್ಲಿ ಬತ್ತುವ ಕೆರೆಗೆ ಮರಿ ಬಿಡಲೇಬೇಕು, ಅದು ಬೇರೆ ಮಾತು. ಸದಾ ಹರಿಯುವ ನದಿಗೆ ಅದೇ ಲೆಕ್ಕ ಹೊಂದುತ್ತದೆಯೇ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮ್ಯಾಡಿಸನ್ ನದಿಯಲ್ಲಿ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಹುಟ್ಟಿ, ಎನ್ನಿಸ್ ಎಂಬ ಸಣ್ಣ ಊರಿನ ಪಕ್ಕ ಹರಿಯುವ ನದಿ ಅದು. 1960ರ ದಶಕದ ಕೊನೆಯಲ್ಲಿ ರಾಜ್ಯದ ಮೀನುಗಾರಿಕೆ ಇಲಾಖೆಯ ಜೀವವಿಜ್ಞಾನಿ ಡಿಕ್ ವಿನ್ಸೆಂಟ್ ಅಲ್ಲಿ ಮೀನು ಎಣಿಸಲು ಶುರುಮಾಡಿದರು. ನದಿಯಲ್ಲಿ ಮೀನು ಎಣಿಸುವುದು ಹೇಗೆ? ನೀರಿಗೆ ಹದವಾಗಿ ವಿದ್ಯುತ್ ಹರಿಸುತ್ತಾರೆ. ಮೀನು ಸಾಯುವುದಿಲ್ಲ, ಕೆಲವು ಕ್ಷಣ ಮಂಕಾಗುತ್ತದೆ. ಬಲೆಯಲ್ಲಿ ಎತ್ತಿ, ಅಳೆದು, ಗುರುತು ಮಾಡಿ ಬಿಡುತ್ತಾರೆ. ಕೆಲವು ದಿನ ಬಿಟ್ಟು ಮತ್ತೆ ಹಿಡಿದಾಗ ಗುರುತಿನವು ಎಷ್ಟು, ಇಲ್ಲದವು ಎಷ್ಟು ಎಂಬುದರಿಂದ ಒಟ್ಟು ಸಂಖ್ಯೆಯ ಅಂದಾಜು ಸಿಗುತ್ತದೆ.

ಎಣಿಸುತ್ತಾ ಹೋದಂತೆ ಒಂದು ವಿಷಯ ವಿನ್ಸೆಂಟ್ ಅವರನ್ನು ಕಾಡಿತು. ಲಾರಿಯಲ್ಲಿ ಮೀನು ತಂದು ಸುರಿಯುವ ಜಾಗದಲ್ಲೇ ನದಿಯ ಸ್ವಂತ ಮೀನು ಕಡಿಮೆ ಇತ್ತು. ಹಾಗಾಗಿ ಅವರು ಎರಡು ಕಡೆ ಪರೀಕ್ಷೆ ಇಟ್ಟರು. ವರ್ಷಗಳಿಂದ ಮೀನು ಬಿಡುತ್ತಿದ್ದ, ವಾರ್ನಿ ಸೇತುವೆ ಕಡೆಯ ಭಾಗಕ್ಕೆ ಬಿಡುವುದನ್ನು ನಿಲ್ಲಿಸಿದರು. ಎಂದೂ ಬಿಡದಿದ್ದ ಪಕ್ಕದ ಓಡೆಲ್ ಎಂಬ ತೊರೆಗೆ ಬಿಡಲು ಶುರುಮಾಡಿದರು. ನಿಲ್ಲಿಸಿದ ಕಡೆ ಕೆಲವೇ ವರ್ಷಗಳಲ್ಲಿ ನದಿಯ ಮೀನು ಹಲವು ಪಟ್ಟು ಹೆಚ್ಚಿತು. ಶುರುಮಾಡಿದ ತೊರೆಯಲ್ಲಿ ಅಲ್ಲೇ ಹುಟ್ಟಿ ಬೆಳೆದ ಬ್ರೌನ್ ಟ್ರೌಟ್ ಸುಮಾರು ಅರ್ಧಕ್ಕೆ ಇಳಿಯಿತು.

ಇದಕ್ಕೆ ಅವರು ಕೊಟ್ಟ ವಿವರಣೆ ಹಳ್ಳಿಯವರಿಗೆ ಬೇಗ ಅರ್ಥವಾಗುತ್ತದೆ. ನದಿಯಲ್ಲಿ ಹುಟ್ಟಿದ ಮೀನಿಗೆ ತನ್ನದೇ ಒಂದು ಜಾಗ ಇರುತ್ತದೆ. ಕಲ್ಲಿನ ಹಿಂದೆ, ಸೆಳೆತ ಕಡಿಮೆ ಇರುವ, ಮೇವು ತೇಲಿಬರುವ ಕಡೆ ನಿಂತು ಶಕ್ತಿ ಉಳಿಸಿಕೊಳ್ಳುತ್ತದೆ. ತೊಟ್ಟಿಯ ಮೀನಿಗೆ ಈ ಕಟ್ಟುಪಾಡು ಗೊತ್ತಿಲ್ಲ. ಗುಂಪಾಗಿ ನುಗ್ಗುತ್ತದೆ, ಓಡಾಡಿಸುತ್ತದೆ. ಇದ್ದ ಮೀನು ಜಾಗ ಬಿಡುತ್ತದೆ, ಸೊರಗುತ್ತದೆ. ಬಂದ ಮೀನೂ ಚಳಿಗಾಲ ದಾಟುವುದಿಲ್ಲ.

ಊರಿನವರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಲಾಡ್ಜ್, ಗಾಳದಂಗಡಿ ಇಟ್ಟವರಿಗೆ ಮೀನು ಬಿಡುವುದೆಂದರೆ ಗಿರಾಕಿ ಬರುವುದು. ಮೀನು ಸಾಕುವ ಕೇಂದ್ರದವರಿಗೆ ಕೆಲಸದ ಚಿಂತೆ. ಇಲಾಖೆಯ ಒಳಗೂ ಜಗಳ ನಡೆಯಿತು. ಆದರೂ 1974ರಲ್ಲಿ ಮೊಂಟಾನಾ ಸರ್ಕಾರ ತನ್ನ ಮೀನು ತಾನೇ ಸಂತಾನ ಬೆಳೆಸಬಲ್ಲ ನದಿ ತೊರೆಗಳಿಗೆ ತೊಟ್ಟಿಯ ಮೀನು ಬಿಡುವುದನ್ನು ನಿಲ್ಲಿಸಿತು. ಆ ಮೇಲೆ ಇಂದಿಗೂ ಅಲ್ಲಿ ನದಿಗಳ ಮೀನು ನದಿಯಲ್ಲೇ ಹುಟ್ಟಿದ್ದು. ಹುಟ್ಟು ನೋಡಿದರೆ ರೇನ್‌ಬೋ, ಬ್ರೌನ್ ಎರಡೂ ಹೊರಗಿನವು, ಕಟ್‌ಥ್ರೋಟನ್ನು ಬೆಟ್ಟದ ಮೇಲಿನ ತೊರೆಗಳಿಗೆ ತಳ್ಳಿದವು ಅವೇ. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

1994ರ ಕೊನೆಯಲ್ಲಿ ಅದೇ ಮ್ಯಾಡಿಸನ್‌ನಲ್ಲಿ ಮೀನುಮರಿಗಳು ಬಾಲ ಅಟ್ಟಿಸಿಕೊಂಡು ಸುತ್ತುವಂತೆ ಮಾಡುವ ಪರೋಪಜೀವಿ ರೋಗ ಪತ್ತೆಯಾಯಿತು. ರೇನ್‌ಬೋ ಸಂಖ್ಯೆ ಹತ್ತರಲ್ಲಿ ಒಂದಕ್ಕೆ ಇಳಿದ ಭಾಗಗಳೂ ಇದ್ದವು. ಆಗಲೂ ಇಲಾಖೆ ಲಾರಿ ತರಿಸಲಿಲ್ಲ. ರೋಗ ತಡೆದುಕೊಂಡ ಮೀನುಗಳಿಂದಲೇ ನದಿ ನಿಧಾನವಾಗಿ ಚೇತರಿಸಿಕೊಂಡಿತು.

ಮೀನು ಬಿಡದೆ ಇರಬಹುದು. ನೀರೇ ಇಲ್ಲದಿದ್ದರೆ?

ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ನೀರಿನ ಕಾನೂನು ಒಂದೇ ಮಾತಿನ ಮೇಲೆ ನಿಂತಿದೆ: ಮೊದಲು ಬಂದವನಿಗೆ ಮೊದಲ ಹಕ್ಕು. ನಿಮ್ಮ ಮುತ್ತಾತ 1880ರಲ್ಲಿ ಕಾಲುವೆ ತೋಡಿದ್ದರೆ ನಿಮ್ಮ ಪಾಲು ಪೂರ್ತಿ ಸಿಕ್ಕ ಮೇಲೆಯೇ 1900ರಲ್ಲಿ ತೋಡಿದವನ ಸರದಿ. ನಮ್ಮಲ್ಲಿ ಕಾಲುವೆಯ ತಲೆಯಲ್ಲಿರುವವನಿಗೂ ಕೊನೆಯ ಭಾಗದವನಿಗೂ ನಡುವಿನ ಜಗಳ ಜಾಗದ್ದು, ಅಲ್ಲಿ ಅದು ತಾರೀಖಿನದು. ನದಿಯಲ್ಲಿ ನೀರು ಬಿಡುವುದು ಬಹಳ ಕಾಲ ಒಂದು 'ಬಳಕೆ'ಯೇ ಆಗಿರಲಿಲ್ಲ. 1969ರಲ್ಲಿ ಮೊಂಟಾನಾ ಒಂದು ಕಾಯ್ದೆ ಮಾಡಿ 12 ಹೆಸರಾಂತ ನದಿ ತೊರೆಗಳಲ್ಲಿ ಮೀನಿಗಾಗಿ ನೀರು ಕಾಯ್ದಿರಿಸುವ ಹಕ್ಕನ್ನು ಇಲಾಖೆಗೆ ಕೊಟ್ಟಿತು. ಒಳ್ಳೆಯದೇ. ಆದರೆ ರೈತರ ಹಕ್ಕು 1880ರದು, ಮೀನಿನ ಹಕ್ಕು 1970ರದು. ಬರಗಾಲದಲ್ಲಿ ಸಾಲಿನ ಕೊನೆಯಲ್ಲಿ ನಿಂತವನಿಗೆ ಸಿಗುವುದು ಖಾಲಿ ಕೊಡ.

1988ರ ಬರದಲ್ಲಿ ಅದು ಕಣ್ಣಿಗೆ ಕಂಡಿತು. ಬಿಗ್ ಹೋಲ್ ಎಂಬ ಕಣಿವೆಯಲ್ಲಿ, ವಿಸ್ಡಮ್ ಎಂಬ ಊರಿನ ಬಳಿ ನದಿ ಹರಿಯುವುದನ್ನೇ ನಿಲ್ಲಿಸಿತು. ಇದು ಹುಲ್ಲಿನ ನಾಡು. 'ಹತ್ತು ಸಾವಿರ ಬಣವೆಗಳ ಕಣಿವೆ' ಎಂದು ಅದಕ್ಕೆ ಅಡ್ಡಹೆಸರು. ಚಳಿಗಾಲದಲ್ಲಿ ದನಗಳಿಗೆ ಬೇಕಾದ ಹುಲ್ಲನ್ನು ಬೇಸಿಗೆಯಲ್ಲಿ ನದಿಯ ನೀರು ಹಾಯಿಸಿ ಬೆಳೆದು ಬಣವೆ ಒಟ್ಟುತ್ತಾರೆ. ಗ್ರೇಲಿಂಗ್ ಎಂಬ, ಬೆನ್ನಿನ ಮೇಲೆ ಹಾಯಿಯಂಥ ದೊಡ್ಡ ರೆಕ್ಕೆಯಿರುವ ಮೀನು ಅಲಾಸ್ಕ ಬಿಟ್ಟರೆ ಅಮೆರಿಕದ ನದಿಗಳಲ್ಲಿ ಸಹಜವಾಗಿ ಉಳಿದಿದ್ದೇ ಹೆಚ್ಚುಕಡಿಮೆ ಈ ಕಣಿವೆಯಲ್ಲಿ. ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿ ಎಂದು ಪರಿಸರದವರು ಅರ್ಜಿ ಹಾಕಿದರು. ಸೇರಿಸಿದರೆ ಕೇಂದ್ರ ಸರ್ಕಾರ ನಮ್ಮ ತೂಬಿಗೆ ಬೀಗ ಹಾಕುತ್ತದೆ ಎಂದು ರೈತರು ಹೆದರಿದರು.

ಆಗ ಆದದ್ದು ನಮಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾದ ಭಾಗ. 1995ರಲ್ಲಿ ರೈತರು, ಮೀನು ಹಿಡಿಸುವ ಗೈಡ್‌ಗಳು, ಪರಿಸರದವರು, ನದಿಯ ನೀರು ಕುಡಿಯುವ ಬ್ಯೂಟ್ ನಗರದವರು ಸೇರಿ ಒಂದು ಸಮಿತಿ ಮಾಡಿಕೊಂಡರು. ಮತ ಹಾಕಿ ಗೆಲ್ಲುವುದಿಲ್ಲ, ಎಲ್ಲರೂ ಒಪ್ಪಿದ್ದನ್ನು ಮಾತ್ರ ಮಾಡುವುದು. ನದಿಯ ಹರಿವು ಇಷ್ಟಕ್ಕೆ ಇಳಿದರೆ ರೈತರು ತಾವಾಗಿ ತೂಬು ತಗ್ಗಿಸಬೇಕು, ಗಾಳದವರು ತಾವಾಗಿ ನದಿ ಬಿಡಬೇಕು ಎಂಬ ಬರಗಾಲದ ಕರಾರು ಬಂತು. ಒಬ್ಬರೇ ಬಿಡುವುದಲ್ಲ, ಇಬ್ಬರೂ. 2006ರಲ್ಲಿ ಕೇಂದ್ರದ ವನ್ಯಜೀವಿ ಇಲಾಖೆಯ ಜೊತೆ ಇನ್ನೊಂದು ಒಪ್ಪಂದ: ಗ್ರೇಲಿಂಗ್‌ಗಾಗಿ ನದಿಯಲ್ಲಿ ನೀರು ಬಿಟ್ಟು, ದಡಕ್ಕೆ ಬೇಲಿ ಹಾಕುವ ರೈತನಿಗೆ ನಾಳೆ ಮೀನು ಪಟ್ಟಿಗೆ ಸೇರಿದರೂ ಹೊಸ ಷರತ್ತು ಹೇರುವುದಿಲ್ಲ.

ಸಣ್ಣ ಸಣ್ಣ ವಿಷಯಗಳು ಕೆಲಸ ಮಾಡಿದವು. ಹುಲ್ಲು ಕುಯ್ದ ಮೇಲೂ ಆಗಸ್ಟಿನಲ್ಲಿ ಕಾಲುವೆ ಹರಿಯುತ್ತಿದ್ದದ್ದು ದನ ಕುಡಿಯಲಿ ಎಂದು. ಕೊಳವೆಬಾವಿ ಕೊರೆಸಿ, ದನದ ತೊಟ್ಟಿ ಕಟ್ಟಿಸಿಕೊಟ್ಟರೆ ಕಾಲುವೆ ಮುಚ್ಚಬಹುದಲ್ಲ? ಹಾಗೇ ಮಾಡಿದರು.

ನೀರು ಉಳಿಸುವ ಲೆಕ್ಕ ಮಾತ್ರ ಅಂದುಕೊಂಡಷ್ಟು ಸರಳವಿಲ್ಲ. ಹಳೆಯ ಪದ್ಧತಿಯಲ್ಲಿ ಹೊಲಕ್ಕೆ ಹಾಯಿಸಿದ ನೀರಿನಲ್ಲಿ ಒಂದು ಪಾಲು ನೆಲಕ್ಕೆ ಇಂಗಿ, ವಾರಗಳ ನಂತರ ತಣ್ಣಗೆ, ಒರತೆಯಾಗಿ ಅದೇ ನದಿಗೆ ಮರಳುತ್ತದೆ. ಸ್ಪ್ರಿಂಕ್ಲರ್ ಹಾಕಿದರೆ ಕಾಲುವೆಗೆ ಎತ್ತುವ ನೀರು ಕಡಿಮೆಯಾಗುತ್ತದೆ ನಿಜ, ಆದರೆ ಆಗಸ್ಟಿನಲ್ಲಿ ಒರತೆ ಬರುವುದೂ ಕಡಿಮೆಯಾಗುತ್ತದೆ. ಎಲ್ಲ ಕಡೆಗೂ ಹೊಂದುವ ಒಂದೇ ಉತ್ತರ ಇಲ್ಲ, ಆಯಾ ಹೊಲದ ಅಡಿಯ ಮಣ್ಣು ನೋಡಬೇಕು. ನಮ್ಮಲ್ಲಿ ಕಾಲುವೆಗೆ ಕಾಂಕ್ರೀಟ್ ಹಾಕಿದ ಮೇಲೆ ಪಕ್ಕದ ಬಾವಿ ಬತ್ತಿತು ಎನ್ನುವ ರೈತರ ಮಾತನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನದಿ ಯಾರದು ಎಂಬುದಕ್ಕೆ ಇನ್ನೊಂದು ಮುಖವೂ ಇತ್ತು. ದಡದ ಜಮೀನು ನನ್ನದು, ಹಾಗಾಗಿ ನದಿಗೆ ಇಳಿಯಬೇಡಿ ಎಂದು ಜಮೀನ್ದಾರರು ಬೇಲಿ ಹಾಕುತ್ತಿದ್ದರು. 1972ರಲ್ಲಿ ಒಪ್ಪಿದ ರಾಜ್ಯದ ಸಂವಿಧಾನ ನೀರು ರಾಜ್ಯದ ಸ್ವತ್ತು, ಜನರ ಬಳಕೆಗೆ ಎಂದು ಹೇಳಿತ್ತು. ಅದನ್ನು ಹಿಡಿದು 1984ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಎರಡು ಪ್ರಕರಣಗಳಲ್ಲಿ ಜನರ ಪರ ತೀರ್ಪು ಕೊಟ್ಟಿತು, 1985ರಲ್ಲಿ ಕಾಯ್ದೆಯಾಯಿತು. ಸೇತುವೆಯಂಥ ಸಾರ್ವಜನಿಕ ಜಾಗದಿಂದ ಇಳಿದು, ನೀರು ಸಾಮಾನ್ಯವಾಗಿ ಏರುವ ಗುರುತಿನ ಒಳಗೇ ಇದ್ದರೆ ಯಾರೂ ಎಬ್ಬಿಸುವಂತಿಲ್ಲ. ಬಡವನೂ ಗಾಳ ಹಾಕಬಹುದು. ಆದರೆ ಜನ ಹೆಚ್ಚಾದಷ್ಟೂ ಬೇಸಿಗೆಯ ಮೀನಿನ ಮೇಲಿನ ಹೊರೆಯೂ ಹೆಚ್ಚಿತು.

ಮಧ್ಯಾಹ್ನದ ನಿಯಮದ ಹೆಸರು 'ಹೂಟ್ ಔಲ್'. ಔಲ್ ಎಂದರೆ ಗೂಬೆ. ಹಿಂದೆ ಮರ ಕಡಿಯುವ ಕೂಲಿಗಳು ಒಣ ಬೇಸಿಗೆಯಲ್ಲಿ ಕಾಡಿಗೆ ಕಿಡಿ ಬೀಳಬಾರದೆಂದು ಗೂಬೆ ಕೂಗುವ ನಸುಕಿನಲ್ಲೇ ಕೆಲಸ ಶುರುಮಾಡಿ, ಬಿಸಿಲೇರುವ ಮುಂಚೆ ಮುಗಿಸುತ್ತಿದ್ದರು. ಆ ಮಾತು ಕಾಡಿನಿಂದ ನದಿಗೆ ಬಂತು. ಈಗ ಗೈಡ್‌ಗಳು ಕತ್ತಲಿರುವಾಗಲೇ ದೋಣಿ ಇಳಿಸುತ್ತಾರೆ. ಅನುಭವಿಗಳು ಜೇಬಿನಲ್ಲಿ ಥರ್ಮಾಮೀಟರ್ ಇಟ್ಟುಕೊಂಡು, 20 ಡಿಗ್ರಿ ಹತ್ತಿರ ಬಂದರೆ ಸರ್ಕಾರ ಹೇಳುವ ಮುಂಚೆಯೇ ಗಾಳ ಮಡಚುತ್ತಾರೆ. ಇಲ್ಲವೇ ನೆರಳಿರುವ, ಎತ್ತರದ ತಣ್ಣನೆಯ ತೊರೆಗಳಿಗೆ ಹೋಗುತ್ತಾರೆ. ಮೀನು ಮಾಡುವುದೂ ಅದನ್ನೇ. ಬಿಸಿನೀರಿನ ಬುಗ್ಗೆಗಳು ಸೇರುವ ಫೈರ್‌ಹೋಲ್ ನದಿಯ ಟ್ರೌಟ್‌ಗಳು ನಡು ಬೇಸಿಗೆಯಲ್ಲಿ ನದಿ ಬಿಟ್ಟು ಪಕ್ಕದ ತೊರೆಗಳಿಗೆ ಹತ್ತುತ್ತವೆ. ಅಲ್ಲಿ ಒತ್ತೊತ್ತಾಗಿ ನಿಂತ ಮೀನಿಗೆ ಗಾಳ ಹಾಕುವುದು ಆಸ್ಪತ್ರೆಗೆ ನುಗ್ಗಿದಂತೆ ಎಂಬುದು ನಮ್ಮ ಅಭಿಪ್ರಾಯ.

2016ರ ಆಗಸ್ಟಿನಲ್ಲಿ ಅರ್ಧ ದಿನದ ಬಂದ್ ಸಾಲಲಿಲ್ಲ. ಯೆಲ್ಲೊಸ್ಟೋನ್ ನದಿಯಲ್ಲಿ ವೈಟ್‌ಫಿಶ್ ಎಂಬ ಸ್ಥಳೀಯ ಮೀನು ಸಾವಿರಾರು ಸಂಖ್ಯೆಯಲ್ಲಿ ಸತ್ತು ತೇಲಿತು. ಮೂತ್ರಪಿಂಡಕ್ಕೆ ತಗಲುವ ಒಂದು ಪರೋಪಜೀವಿಯ ಕೆಲಸ ಅದು. ತಗ್ಗಿದ, ಬಿಸಿಯಾದ ನೀರು ಅದಕ್ಕೆ ದಾರಿ ಮಾಡಿತ್ತು. ಆಗಸ್ಟ್ 19ರಂದು ಸರ್ಕಾರ 183 ಮೈಲಿ, ಅಂದರೆ ಸುಮಾರು 295 ಕಿಲೋಮೀಟರ್ ನದಿಯನ್ನು ಪೂರ್ತಿ ಮುಚ್ಚಿತು. ಗಾಳ ಅಷ್ಟೇ ಅಲ್ಲ, ದೋಣಿ ಬಿಡುವುದು, ಈಜುವುದು ಎಲ್ಲವೂ ಬಂದ್. ಪ್ರವಾಸಿಗರನ್ನೇ ನಂಬಿದ ಲಿವಿಂಗ್‌ಸ್ಟನ್‌ನಂಥ ಊರುಗಳಿಗೆ ಅದು ಸುಗ್ಗಿಯ ಹೊತ್ತಿನಲ್ಲಿ ಸಂತೆ ನಿಂತಂತೆ. ಗೈಡ್‌ಗಳಿಗೆ ಸಂಬಳ ಇಲ್ಲ, ದಿನಗೂಲಿಯಂತೆ ಹೋದ ದಿನಕ್ಕಷ್ಟೇ ದುಡ್ಡು.

2021ರ ಜುಲೈ ತಿಂಗಳಲ್ಲಿ ರಾಷ್ಟ್ರೀಯ ಉದ್ಯಾನದ ಒಳಗಿನ ನದಿ ತೊರೆಗಳನ್ನೂ ಮಧ್ಯಾಹ್ನ ಎರಡರ ಮೇಲೆ ಮುಚ್ಚಬೇಕಾಯಿತು. 2023ರಲ್ಲಿ ಬಿಗ್ ಹೋಲ್, ಬೀವರ್‌ಹೆಡ್, ರೂಬಿ ನದಿಗಳಲ್ಲಿ ಎಣಿಸಿದಾಗ ಬ್ರೌನ್ ಟ್ರೌಟ್ ಸಂಖ್ಯೆ ದಾಖಲೆಯ ಮಟ್ಟಿಗೆ ಕುಸಿದಿತ್ತು. ಗೈಡ್‌ಗಳು ಇಲಾಖೆಯನ್ನು ಪ್ರಶ್ನಿಸಿದರು. ಬಿಸಿಲು, ಕಡಿಮೆ ನೀರು, ರೋಗ, ಗಾಳದವರ ಸಂಖ್ಯೆ, ಒಬ್ಬೊಬ್ಬರು ಒಂದೊಂದನ್ನು ಮುಂದಿಟ್ಟರು. ಗ್ರೇಲಿಂಗ್ ಪಟ್ಟಿಗೆ ಸೇರಬೇಕೇ ಬೇಡವೇ ಎಂಬ ವ್ಯಾಜ್ಯ ಕೋರ್ಟಿನಿಂದ ಇಲಾಖೆಗೆ, ಇಲಾಖೆಯಿಂದ ಕೋರ್ಟಿಗೆ ಇನ್ನೂ ಓಡಾಡುತ್ತಿದೆ.

ಬಿಗ್ ಹೋಲ್ ಸಮಿತಿ ಈಗಲೂ ಸಭೆ ಸೇರುತ್ತದೆ. ನದಿಯ ಹರಿವು ಮತ್ತು ಉಷ್ಣಾಂಶ ಅಳೆಯುವ ಮಾಪಕಗಳ ಲೆಕ್ಕ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇದೆ. ಇಷ್ಟು ಕ್ಯೂಸೆಕ್, ಇಷ್ಟು ಡಿಗ್ರಿ. ಬೇಸಿಗೆಯ ಬೆಳಿಗ್ಗೆ ಹುಲ್ಲಿಗೆ ನೀರು ಹಾಯಿಸುವ ರೈತನೂ, ದೋಣಿ ಇಳಿಸುವ ಗೈಡೂ ಫೋನಿನಲ್ಲಿ ನೋಡುವುದು ಅದೇ ಎರಡು ಅಂಕಿಗಳನ್ನು.